ಜಾಲರಿ ಮೆಟ್ಟಿಲಿನ ಬ್ರಾಕೆಟ್: ಭಾರದ ಚಿಂತೆಯಿಂದ ಸಡಿಲಿನ ಚಿಂತೆಗೆ

ಬಾಯ್ಲರ್ ಮನೆ, ತೈಲದ ಟ್ಯಾಂಕು, ನೀರು ಶುದ್ಧೀಕರಣ ಘಟಕ, ಹಡಗಿನ ಎಂಜಿನ್ ಕೋಣೆ, ಇಂಥ ಕಡೆ ಮೇಲೆ ಹತ್ತುವ ಮೆಟ್ಟಿಲು ಬಹುಪಾಲು ಉಕ್ಕಿನ ಜಾಲರಿಯದ್ದೇ. ಕಾಲಡಿಯಲ್ಲಿ ಎರಡು ಮೂರು ಮಹಡಿ ಕೆಳಗಿನ ನೆಲ ಕಾಣುತ್ತಿದ್ದರೆ ಹೊಸಬರಿಗೆ ಎದೆ ಝಲ್ಲೆನ್ನುತ್ತದೆ. ಜಾಲರಿ ಎಲ್ಲಿ ಮುರಿಯುತ್ತದೋ ಎಂಬ ಭಯ. ಆದರೆ ಜಾಲರಿ ಮುರಿಯುವುದು ತೀರ ಅಪರೂಪ. ನೋಡಬೇಕಾದದ್ದು ಅದರ ಎರಡು ತುದಿಗಳನ್ನು. ಎರಡು ಬದಿಯಲ್ಲಿ ಓರೆಯಾಗಿ ಏರುವ ತೊಲೆಗೆ ಸ್ಟ್ರಿಂಗರ್ ಎನ್ನುತ್ತಾರೆ. ಆ ಸ್ಟ್ರಿಂಗರಿಗೂ ಮೆಟ್ಟಿಲಿಗೂ ನಡುವೆ ಇರುವುದು ಅಂಗೈ ಅಗಲದ ಒಂದು ಉಕ್ಕಿನ ತುಂಡು: ಕೆಲವೊಮ್ಮೆ ಎಲ್ ಆಕಾರದ ಆ್ಯಂಗಲ್ ಬ್ರಾಕೆಟ್, ಕೆಲವೊಮ್ಮೆ ಜಾಲರಿಯ ತುದಿಗೇ ವೆಲ್ಡ್ ಮಾಡಿದ ಪ್ಲೇಟು. ಮೆಟ್ಟಿಲೊಂದು ಜಾರಿ ಬಿದ್ದಿತು ಎಂದರೆ ಹತ್ತರಲ್ಲಿ ಒಂಬತ್ತು ಸಲ ಕೈಕೊಟ್ಟದ್ದು ಈ ತುಂಡೇ ಎಂದುಕೊಂಡು ಹುಡುಕಾಟ ಶುರುಮಾಡಿದರೆ ತಪ್ಪಾಗಲಾರದು.

ಮೊದಮೊದಲು ಬ್ರಾಕೆಟ್ ಎಂಬ ಬೇರೆ ವಸ್ತುವೇ ಇರಲಿಲ್ಲ. 1797ರಲ್ಲಿ ಇಂಗ್ಲೆಂಡಿನ ಶ್ರೂಸ್‌ಬರಿ ಬಳಿಯ ಡಿದರಿಂಗ್ಟನ್‌ನಲ್ಲಿ ಕಬ್ಬಿಣದ ಚೌಕಟ್ಟಿನ ಮೊದಲ ಗಿರಣಿ ಎದ್ದ ಮೇಲೆ, ಬೆಂಕಿಗೆ ಹೆದರಿದ ಗಿರಣಿ ಮಾಲೀಕರು ಮರವನ್ನು ಬಿಟ್ಟು ಎರಕದ ಕಬ್ಬಿಣದ ಕಡೆ ತಿರುಗಿದರು. ಎರಕದ ಮೆಟ್ಟಿಲಿನಲ್ಲಿ ಆಧಾರದ ಕಿವಿಗಳನ್ನು ಮೆಟ್ಟಿಲಿನ ಜೊತೆಗೇ ಅಚ್ಚಿನಲ್ಲಿ ಹೊಯ್ಯಬಹುದಿತ್ತು. ತೂಕ ಜಾಸ್ತಿ, ನೋಡಲು ಚೆಂದ. ಆದರೆ ಎರಕದ ಕಬ್ಬಿಣ ಒತ್ತಡವನ್ನು ತಾಳುವಷ್ಟು ಸೆಳೆತವನ್ನು ತಾಳುವುದಿಲ್ಲ. ಬಾಗುವ ಬದಲು ಒಮ್ಮೆಗೇ ಬಿರಿಯುತ್ತದೆ. ಬೆಂಕಿಯಲ್ಲಿ ಕಾದ ಎರಕದ ಮೇಲೆ ತಣ್ಣೀರು ಬಿದ್ದರಂತೂ ಹೇಳುವುದೇ ಬೇಡ.

ಮೆದು ಕಬ್ಬಿಣದ ಪಟ್ಟಿ ಮತ್ತು ಆ್ಯಂಗಲ್‌ಗಳು ಸಲೀಸಾಗಿ ಸಿಗತೊಡಗಿದ ಮೇಲೆ ಕಥೆ ಬದಲಾಯಿತು. ಈಗ ಮೆಟ್ಟಿಲು ಬೇರೆ, ತೊಲೆ ಬೇರೆ, ಎರಡನ್ನೂ ಕೂಡಿಸುವ ತುಂಡು ಬೇರೆ. ಈ ಮೂರು ತುಂಡಿನ ಮೆಟ್ಟಿಲನ್ನು ಊರ ತುಂಬ ಹರಡಿದ್ದು ಕಾರ್ಖಾನೆಯಲ್ಲ, ಬೆಂಕಿ.

1860ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನ ಎಲ್ಮ್ ಸ್ಟ್ರೀಟಿನ ಬಾಡಿಗೆ ವಠಾರವೊಂದಕ್ಕೆ ಬೆಂಕಿ ಬಿತ್ತು. ಇದ್ದ ಒಂದೇ ಮರದ ಮೆಟ್ಟಿಲು ಹೊತ್ತಿಕೊಂಡಿತು, ಮೇಲಿನ ಮಹಡಿಯವರಿಗೆ ದಾರಿ ಇಲ್ಲದಾಯಿತು. ಅದೇ ವರ್ಷ ಬಂದ ಕಾನೂನು ಹೆಚ್ಚು ಸಂಸಾರಗಳಿರುವ ಹೊಸ ಕಟ್ಟಡಗಳಿಗೆ ಬೆಂಕಿ ತಾಳುವ ಮೆಟ್ಟಿಲು ಅಥವಾ ಹೊರಗಿನ ಬಾಲ್ಕನಿ ಬೇಕೆಂದಿತು. 1867ರ ಬಾಡಿಗೆ ವಠಾರ ಕಾಯ್ದೆ ಅದನ್ನು ಇನ್ನೂ ವಿಸ್ತರಿಸಿತು. ಹೀಗೆ ಇಟ್ಟಿಗೆ ಗೋಡೆಗಳ ಹೊರಮೈಗೆ ಕಬ್ಬಿಣದ ಮೆಟ್ಟಿಲುಗಳು ಅಂಟಿಕೊಂಡವು. ಮಳೆ, ಹಿಮ ನಿಲ್ಲಬಾರದು, ತೂಕ ಗೋಡೆಗೆ ಹೊರೆಯಾಗಬಾರದು. ಅದಕ್ಕೇ ತುಂಬು ಹಲಗೆಯ ಬದಲು ಸಂದು ಬಿಟ್ಟು ಜೋಡಿಸಿದ ಪಟ್ಟಿಗಳು. ಇಂದಿನ ಜಾಲರಿ ಮೆಟ್ಟಿಲಿನ ಹತ್ತಿರದ ಪೂರ್ವಜ ಇದೇ.

ಈ ಮೆಟ್ಟಿಲುಗಳ ದೌರ್ಬಲ್ಯ ಬಯಲಾದದ್ದು 1911ರ ಮಾರ್ಚ್ 25ರಂದು. ಅದೇ ನಗರದ ಟ್ರಯಾಂಗಲ್ ಶರ್ಟ್‌ವೇಸ್ಟ್ ಉಡುಪು ಕಾರ್ಖಾನೆ ಕಟ್ಟಡದ ಎಂಟು, ಒಂಬತ್ತು, ಹತ್ತನೇ ಮಹಡಿಗಳಲ್ಲಿತ್ತು. ಅಲ್ಲಿನ ಬೆಂಕಿಯಲ್ಲಿ 146 ಮಂದಿ ಸತ್ತರು. ಹೊರಗಿದ್ದ ಕಬ್ಬಿಣದ ಮೆಟ್ಟಿಲು ಕಾವಿಗೆ, ಜನರ ಭಾರಕ್ಕೆ ತಿರುಚಿಕೊಂಡು ಕುಸಿಯಿತು. ಅಮೆರಿಕದ ರಾಷ್ಟ್ರೀಯ ಅಗ್ನಿರಕ್ಷಣಾ ಸಂಘ 1913ರಲ್ಲಿ ಜೀವರಕ್ಷಣೆಗೆಂದೇ ಒಂದು ಸಮಿತಿ ಮಾಡಿತು, 1927ರಲ್ಲಿ ಕಟ್ಟಡದಿಂದ ಹೊರಬರುವ ದಾರಿಗಳ ಸಂಹಿತೆಯನ್ನು ಹೊರತಂದಿತು. ಒಲವು ನಿಧಾನವಾಗಿ ಕಟ್ಟಡದ ಒಳಗಿನ, ಗೋಡೆ ಸುತ್ತಿದ ಮೆಟ್ಟಿಲಿನ ಕಡೆ ಹೊರಳಿತು. ಹಳೆಯ ಮೆಟ್ಟಿಲುಗಳು ಮಾತ್ರ ಗೋಡೆಗಳ ಮೇಲೇ ಉಳಿದವು. ಬಣ್ಣದ ಮೇಲೆ ಬಣ್ಣ ಬಳಿಸಿಕೊಳ್ಳುತ್ತಾ, ಒಳಗೊಳಗೇ ತುಕ್ಕು ಹಿಡಿಯುತ್ತಾ. 1975ರ ಜುಲೈ 22ರಂದು ಬಾಸ್ಟನ್ನಿನಲ್ಲಿ ಬೆಂಕಿಯಿಂದ ಪಾರಾಗಲು ನಿಂತಿದ್ದ ಯುವತಿ ಮತ್ತು ಮಗುವಿನ ಕಾಲಡಿಯಲ್ಲೇ ಅಂಥದೊಂದು ಕಟ್ಟು ಕಳಚಿತು. ಯುವತಿ ಉಳಿಯಲಿಲ್ಲ. ಆ ಗಳಿಗೆಯನ್ನು ಹಿಡಿದ ಸ್ಟ್ಯಾನ್ಲಿ ಫೋರ್ಮನ್ ಅವರ ಛಾಯಾಚಿತ್ರಕ್ಕೆ ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಬಂತು. ಹಲವು ನಗರಗಳಲ್ಲಿ ಹೊರಮೆಟ್ಟಿಲುಗಳ ತಪಾಸಣೆ ಬಿಗಿಯಾಗಲು ಆ ಚಿತ್ರವೂ ಕಾರಣ.

ಎರಡು ಲೋಹದ ಮೈ ಒಂದಕ್ಕೊಂದು ತಾಗುವಲ್ಲಿ ಕೂದಲೆಳೆಯಷ್ಟು ಸಂದು ಉಳಿದೇ ಇರುತ್ತದೆ. ನೀರು ಅಲ್ಲಿಗೆ ಹೋಗುತ್ತದೆ, ಬಣ್ಣದ ಕುಂಚ ಹೋಗುವುದಿಲ್ಲ. ತುಕ್ಕು ತಾನು ತಿಂದ ಉಕ್ಕಿಗಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಹಾಗಾಗಿ ಒಳಗೆ ಉಬ್ಬಿ ಬ್ರಾಕೆಟ್ಟನ್ನು ತೊಲೆಯಿಂದ ದೂರ ತಳ್ಳುತ್ತದೆ, ಎರಡನ್ನೂ ಹಿಡಿದಿರುವ ರಿವಿಟ್ಟಿನ, ಅಂದರೆ ತುದಿ ಬಡಿದು ಕೂರಿಸಿದ ಮೊಳೆಯ, ತಲೆಯನ್ನು ಎಳೆಯುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ ನೀಟಾಗಿಯೇ ಇರುತ್ತದೆ, ಆ ತಲೆಯ ಸುತ್ತಲಿನ ಒಂದು ಬಿರುಕನ್ನು ಬಿಟ್ಟರೆ. ಹಳೆಯ ಮೆಟ್ಟಿಲಿಗೆ ಹೊಸ ಬಣ್ಣ ಬಳಿದು ದುರಸ್ತಿ ಎನ್ನುವವರ ಮೇಲೆ ನನಗೆ ನಂಬಿಕೆ ಕಡಿಮೆ.

ಇತ್ತ ಕಾರ್ಖಾನೆಗಳಲ್ಲಿ ಜಾಲರಿ ತನ್ನದೇ ದಾರಿ ಹಿಡಿದಿತ್ತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ರಿವಿಟ್ ಹೊಡೆದ ಜಾಲರಿ ಬಂತು, ಆಮೇಲೆ ಒತ್ತಡದಲ್ಲಿ ಪಟ್ಟಿಗಳನ್ನು ಒಂದರೊಳಗೊಂದು ಕಚ್ಚಿಸಿದ್ದು, ಆಮೇಲೆ ವಿದ್ಯುತ್ತಿನ ಕಾವು ಮತ್ತು ಒತ್ತಡ ಸೇರಿಸಿ ತಿರುಚಿದ ಸರಳನ್ನು ಪಟ್ಟಿಗಳೊಳಗೆ ಕರಗಿಸಿ ಕೂರಿಸಿದ್ದು. ಎಣ್ಣೆ, ನೀರು, ಬೂದಿ ನಿಲ್ಲುವುದಿಲ್ಲ, ಬೆಳಕೂ ಗಾಳಿಯೂ ಹಾಯುತ್ತವೆ. ಇಂಥ ಒಂದು ಮೆಟ್ಟಿಲು, 800 ಮಿ.ಮೀ. ಅಗಲ, 270 ಮಿ.ಮೀ. ಆಳದ್ದು, ಸುಮಾರು 7 ಕಿಲೋ ತೂಗುತ್ತದೆ. ಒಬ್ಬನೇ ಎತ್ತಿಡಬಹುದು. ಅನುಕೂಲವೂ ಇದೇ, ತೊಂದರೆಯೂ ಇದೇ.

ಆಗ ಇದನ್ನು ಕೂರಿಸುವ ರೂಢಿ ಸರಳವಾಗಿತ್ತು. ಸ್ಟ್ರಿಂಗರಿನ ಒಳಮೈಗೆ ಆ್ಯಂಗಲ್ ತುಂಡನ್ನು ವೆಲ್ಡ್ ಮಾಡು, ಅದರ ಮೇಲೆ ಜಾಲರಿಯನ್ನು ಇಡು, ಕ್ಲಿಪ್ಪಿನಿಂದಲೋ ಬೋಲ್ಟಿನಿಂದಲೋ ಹಿಡಿಸು. ಭಾರ ನೇರವಾಗಿ ಆ್ಯಂಗಲ್ಲಿನ ಮೇಲೆ ಕೂರುತ್ತದೆ, ಬೋಲ್ಟು ಬಿದ್ದುಹೋದರೂ ಮೆಟ್ಟಿಲು ತಕ್ಷಣ ಬೀಳುವುದಿಲ್ಲ. ಆದರೆ ಉಕ್ಕು ಉಳಿಸಲೆಂದು ಆ್ಯಂಗಲ್ಲನ್ನು ಮೆಟ್ಟಿಲಿನ ಆಳಕ್ಕಿಂತ ಗಿಡ್ಡಗೆ ಕತ್ತರಿಸಿದರೆ ಮುಂದಂಚು ಗಾಳಿಯಲ್ಲಿ ನಿಲ್ಲುತ್ತದೆ. ಇಳಿಯುವಾಗ ನಮ್ಮ ಕಾಲು ಮೊದಲು ಊರುವುದು ಆ ಮುಂದಂಚಿನ ಮೇಲೇ. ಕ್ಲಿಪ್ಪು ಸಡಿಲಾಗಿದ್ದರೆ ಜಾಲರಿ ಏತದಂತೆ ಹಿಂದೆ ಎದ್ದು ಮುಂದೆ ಬಾಗುತ್ತದೆ. ಇನ್ನೊಂದು, ಆ್ಯಂಗಲ್ಲಿನ ಅಡ್ಡ ಕಾಲು ಒಂದು ಪುಟ್ಟ ಕಪಾಟು. ಮೇಲಿನಿಂದ ಉದುರುವ ಬೂದಿ, ಜಿಡ್ಡು, ಉಪ್ಪು ನೀರು ಎಲ್ಲ ಅಲ್ಲಿ ಸೇರಿ ಒದ್ದೆಯಾಗೇ ಇರುತ್ತವೆ.

ಬ್ರಾಕೆಟ್ಟಿನ ರೂಪ ಬದಲಾಗಲು ದೊಡ್ಡ ಕಾರಣ ಸತು. ಉಕ್ಕನ್ನು ಕರಗಿದ ಸತುವಿನಲ್ಲಿ ಅದ್ದಿ ತುಕ್ಕಿನಿಂದ ಕಾಯುವ ವಿಧಾನಕ್ಕೆ ಫ್ರಾನ್ಸಿನ ಸ್ತಾನಿಸ್ಲಾಸ್ ಸೊರೆಲ್ 1837ರಲ್ಲಿ ಪೇಟೆಂಟ್ ಪಡೆದಿದ್ದರು. ತೊಟ್ಟಿಯ ಕಾವು ಸುಮಾರು 450 ಡಿಗ್ರಿ ಸೆಲ್ಸಿಯಸ್. ಕೈಗಾರಿಕಾ ಮೆಟ್ಟಿಲುಗಳಿಗೆ ಈ ಗ್ಯಾಲ್ವನೈಸಿಂಗ್ ರೂಢಿಯಾದ ಮೇಲೆ ಇಡೀ ಮೆಟ್ಟಿಲಸಾಲನ್ನು ವೆಲ್ಡ್ ಮಾಡಿ ಜೋಡಿಸಿ ಅದ್ದೋಣವೆಂದರೆ ತೊಟ್ಟಿ ಸಾಲದು, ಕಾವಿಗೆ ಅದು ಡೊಂಕಾಗುವ ಭಯ ಬೇರೆ. ಮೊದಲೇ ಅದ್ದಿ ಆಮೇಲೆ ಸ್ಥಳದಲ್ಲಿ ವೆಲ್ಡ್ ಮಾಡೋಣವೆಂದರೆ ಆ ಜಾಗದ ಸತು ಸುಟ್ಟುಹೋಗುತ್ತದೆ. ಉಳಿದ ದಾರಿ ಒಂದೇ: ತೊಲೆಯನ್ನೂ ಮೆಟ್ಟಿಲನ್ನೂ ಬೇರೆ ಬೇರೆ ಅದ್ದಿ ಬೋಲ್ಟಿನಿಂದ ಕೂಡಿಸುವುದು. ಆಗ ಕಪಾಟಿನಂಥ ಆ್ಯಂಗಲ್ ಹಿಂದೆ ಸರಿಯಿತು, ಜಾಲರಿಯ ಎರಡು ತುದಿಗೂ ನಿಂತ ಪ್ಲೇಟು ಬಂತು. ಒಂದೊಂದು ಪ್ಲೇಟಿಗೆ ಎರಡು ತೂತು. ಒಂದು ದುಂಡು, ಇನ್ನೊಂದು ಉದ್ದ, ಜೋಡಣೆಯಲ್ಲಿ ನಾಲ್ಕೈದು ಮಿ.ಮೀ. ಹೆಚ್ಚು ಕಡಿಮೆಯಾದರೂ ಬೋಲ್ಟು ಕೂರಲಿ ಎಂದು. ಜರ್ಮನಿಯ ಡಿಐಎನ್ 24531 ಮಾನಕ ಈ ತೂತುಗಳ ಅಂತರವನ್ನೂ ಕಟ್ಟಿಹಾಕಿದೆ: 240 ಮಿ.ಮೀ. ಆಳದ ಮೆಟ್ಟಿಲಿಗೆ 120, 270ಕ್ಕೆ 150, 305ಕ್ಕೆ 180. ಒಬ್ಬ ತಯಾರಕರ ಮೆಟ್ಟಿಲು ಹಾಳಾದರೆ ಇನ್ನೊಬ್ಬರದ್ದು ಅದೇ ತೂತಿಗೆ ಕೂರುತ್ತದೆ.

ಭಾರದ ಲೆಕ್ಕ ಇಷ್ಟು ಹೊತ್ತಿಗೆ ಇತ್ಯರ್ಥವಾಗಿತ್ತು. ಸ್ಥಿರ ಕೈಗಾರಿಕಾ ಮೆಟ್ಟಿಲುಗಳಿಗೆಂದೇ ಅಮೆರಿಕದಲ್ಲಿ 1968ರಲ್ಲಿ ಎ64.1 ಎಂಬ ಮಾನಕ ಬಂತು. 1970ರ ಕಾಯ್ದೆಯಿಂದ ಹುಟ್ಟಿದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾ ಅದನ್ನು ತನ್ನ ನಿಯಮಗಳೊಳಗೆ ತೆಗೆದುಕೊಂಡಿತು. 2017ರ ಜನವರಿಯಿಂದ ಜಾರಿಯಾದ ಪರಿಷ್ಕೃತ ನಿಯಮದಲ್ಲೂ ತಿರುಳು ಅದೇ: ಸಾಮಾನ್ಯವಾಗಿ ಬೀಳುವ ಭಾರದ ಐದು ಪಟ್ಟನ್ನು ಮೆಟ್ಟಿಲು ಹೊರಬೇಕು, ಯಾವುದೇ ಬಿಂದುವಿನಲ್ಲಿ ಕನಿಷ್ಠ 454 ಕಿಲೋ ತಾಳಬೇಕು. ಯಂತ್ರಗಳ ಬಳಿಯ ಮೆಟ್ಟಿಲಿಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನಕ ಐಎಸ್ಒ 14122ರ ಮೂರನೇ ಭಾಗ, 2001ರಲ್ಲಿ ಬಂದು 2016ರಲ್ಲಿ ಪರಿಷ್ಕಾರಗೊಂಡದ್ದು, ಬಾಗುವಿಕೆಯನ್ನೂ ಅಳೆಯುತ್ತದೆ. ಭಾರವನ್ನು ಅದು ಇಡಿಸುವುದು ಮುಂದಂಚಿಗೆ ತಾಗಿದಂತೆ, 100 ಮಿ.ಮೀ. ಚೌಕದಲ್ಲಿ. ಕಾಲು ಬೀಳುವುದು ಅಲ್ಲಿಯೇ ಎಂದು ಬಲ್ಲವರು ಬರೆದ ಸಾಲು ಅದು.

ಈಗ ಬೋಲ್ಟನ್ನು ನೋಡಿ. 8.8 ದರ್ಜೆಯ 12 ಮಿ.ಮೀ. ಬೋಲ್ಟೊಂದು ಅಡ್ಡ ಕತ್ತರಿಕೆಯಲ್ಲಿ ಮೂರು ಟನ್ನಿನ ಆಸುಪಾಸು ತಾಳುತ್ತದೆ. ನಾಲ್ಕು ಬೋಲ್ಟುಗಳ ಮೇಲೆ 454 ಕಿಲೋ ಅದಕ್ಕೆ ಯಾವ ಲೆಕ್ಕ? ಇಡೀ ಭಾರ ಮುಂದಿನ ಒಂದೇ ಬೋಲ್ಟಿನ ಮೇಲೆ ಬಿದ್ದರೂ ಅದು ಮುರಿಯುವುದಿಲ್ಲ. ಹಾಗಿದ್ದರೂ ಮೆಟ್ಟಿಲು ಕಳಚುತ್ತದಲ್ಲ, ಹೇಗೆ?

ಇದಕ್ಕೆ ಮನದಟ್ಟಾಗುವ ಉತ್ತರ ಕೊಟ್ಟವರು ಜರ್ಮನ್ ಎಂಜಿನಿಯರ್ ಗೆರ್ಹಾರ್ಡ್ ಯುಂಕರ್, 1969ರಲ್ಲಿ. ಬೋಲ್ಟನ್ನು ಅದರ ಉದ್ದಕ್ಕೆ ಎಳೆದಾಡಿದರೆ ಸಡಿಲಾಗುತ್ತದೆ ಎಂಬುದು ಅಲ್ಲಿಯವರೆಗಿನ ನಂಬಿಕೆಯಾಗಿತ್ತು. ಯುಂಕರ್ ಪರೀಕ್ಷೆ ಮಾಡಿ ತೋರಿಸಿದ್ದು ಬೇರೆ. ಬೋಲ್ಟು ಹಿಡಿದಿರುವ ಎರಡು ಪ್ಲೇಟುಗಳು ಅಡ್ಡಡ್ಡ ಜಾರತೊಡಗಿದರೆ ಮರೆಯ, ಅಂದರೆ ಬೋಲ್ಟಿನ ಮೈಮೇಲಿನ ತಿರುಪು ಗೆರೆಯ, ಘರ್ಷಣೆ ಗಳಿಗೆಗಳಿಗೆ ಬಿಟ್ಟುಕೊಡುತ್ತದೆ, ಮರೆಯ ಓರೆಯಲ್ಲಿ ನಟ್ಟು ತಾನೇ ಹಿಂದಕ್ಕೆ ತಿರುಗುತ್ತದೆ. ನಟ್ಟಿನ ಕೆಳಗೆ ಹಾಕುವ ಸ್ಪ್ರಿಂಗ್ ವಾಷರ್ ಇದನ್ನು ತಡೆಯುವುದಿಲ್ಲ ಎಂಬುದೂ ಅಂಥ ಪರೀಕ್ಷೆಗಳಲ್ಲಿ ಗೊತ್ತಾಯಿತು. ಬಿಗಿದೊಡನೆ ಅದು ಚಪ್ಪಟೆಯಾಗುತ್ತದೆ, ಆಮೇಲೆ ಬರೀ ಒಂದು ವಾಷರ್. ಇಷ್ಟಾದರೂ ಮೆಟ್ಟಿಲಿನ ಬೋಲ್ಟುಗಳಿಗೆ ಸ್ಪ್ರಿಂಗ್ ವಾಷರ್ ಹಾಕುವ ರೂಢಿ ನಿಂತಿಲ್ಲ, ಹಾಕಿದವರಿಗೆ ನೆಮ್ಮದಿ.

ಜಾಲರಿ ಮೆಟ್ಟಿಲು ಯುಂಕರ್ ಪರೀಕ್ಷೆಗೆಂದೇ ಮಾಡಿಟ್ಟಂತಿದೆ. ಬೋಲ್ಟು ಅಡ್ಡ ಮಲಗಿದೆ, ಕಾಲಿನ ಭಾರ ಅದಕ್ಕೆ ಲಂಬವಾಗಿ ಕೆಳಕ್ಕೆ. 12ರ ಬೋಲ್ಟಿಗೆ 14ರ ತೂತು, ಅಂದರೆ 2 ಮಿ.ಮೀ. ಆಡಲು ಜಾಗ. ನಡುವೆ ಸತುವಿನ ದಪ್ಪ ಪದರ, ಕೆಲವೊಮ್ಮೆ ಬಣ್ಣ. ಇವು ಬಿಗಿತದ ಕೆಳಗೆ ನಿಧಾನವಾಗಿ ಅಮರುತ್ತವೆ, ಬಿಗಿ ಅಷ್ಟರ ಮಟ್ಟಿಗೆ ಇಳಿಯುತ್ತದೆ. ಬದಿಯಲ್ಲೇ ಕಂಪ್ರೆಸರೋ ಕ್ರಷರೋ ಇದ್ದರೆ ಕಂಪನ ಹಗಲಿರುಳೂ. ಆದ್ದರಿಂದ ನೈಲಾನ್ ಒಳಪಟ್ಟಿಯಿರುವ ಲಾಕ್ ನಟ್ಟು, ಉದ್ದ ತೂತಿನ ಮೇಲೆ ಅಗಲ ವಾಷರು, ಟಾರ್ಕ್ ವ್ರೆಂಚಿನಿಂದ ಅಳೆದ ಬಿಗಿ, ಇವು ಬ್ರಾಕೆಟ್ಟಿನ ದಪ್ಪಕ್ಕಿಂತ ಮುಖ್ಯವಾಗುತ್ತವೆ. ಬ್ರಾಕೆಟ್ಟನ್ನು 6 ಮಿ.ಮೀ.ನಿಂದ 10ಕ್ಕೆ ಏರಿಸಿ ನಟ್ಟನ್ನು ಕೈಯಲ್ಲಿ ತಿರುಗಿಸಿ ಬಿಡುವವರೂ ಇದ್ದಾರೆ. ಹಣ ತಪ್ಪು ಜಾಗಕ್ಕೆ ಸುರಿದಂತೆ.

ಸಡಿಲಾದ ಮೆಟ್ಟಿಲು ಗುರುತು ಕೊಡುತ್ತದೆ. ಕಾಲಿಟ್ಟಾಗ ಒಂದು ಟಕ್ ಸದ್ದು. ಬೋಲ್ಟಿನ ಕೆಳಗೆ ಸ್ಟ್ರಿಂಗರಿನ ಮೇಲೆ ಇಳಿದ ಸಣ್ಣ ಕಂದುಗೆಂಪು ಗೆರೆ: ಅದು ಮಳೆಯ ತುಕ್ಕಲ್ಲ, ಪ್ಲೇಟುಗಳು ಒಂದನ್ನೊಂದು ಉಜ್ಜಿ ಉದುರಿಸಿದ ಪುಡಿ. ವಾಷರಿನ ಸುತ್ತ ಸತು ಸವೆದು ಹೊಳೆಯುವ ಬಳೆ. ಬಿಗಿದ ದಿನವೇ ನಟ್ಟಿನಿಂದ ಪ್ಲೇಟಿನ ಮೇಲಕ್ಕೆ ಬಣ್ಣದ ಒಂದು ಗೆರೆ ಎಳೆದಿದ್ದರೆ ಇಷ್ಟೆಲ್ಲ ಪತ್ತೇದಾರಿಕೆ ಬೇಡ, ಗೆರೆ ತುಂಡಾಗಿದೆಯೇ ನೋಡಿದರೆ ಸಾಕು.

ದೊಡ್ಡ ಶತ್ರು ಮಾತ್ರ ಕಂಪನವಲ್ಲ, ಸ್ಪ್ಯಾನರ್ ಹಿಡಿದ ಕೈ. ಕೆಳಗಿನ ವಾಲ್ವಿಗೆ ಕೈ ಹಾಕಲು, ಕೇಬಲ್ ಎಳೆಯಲು ಮೆಟ್ಟಿಲನ್ನು ಬಿಚ್ಚುತ್ತಾರೆ. ಹಿಂದಕ್ಕೆ ಇಡುವಾಗ ನಾಲ್ಕರಲ್ಲಿ ಎರಡೇ ಬೋಲ್ಟು, ಅದೂ ಎದುರಿಗೆ ಕೈಗೆ ಸಿಕ್ಕ ಎರಡು. ಆ್ಯಂಗಲ್ ಕಪಾಟಿನ ಕಾಲದಲ್ಲಿ ಇದು ಅಷ್ಟು ಅಪಾಯವಾಗಿರಲಿಲ್ಲ. ನಿಂತ ಪ್ಲೇಟಿನ ಮೆಟ್ಟಿಲಿನಲ್ಲಿ ಬೋಲ್ಟಿಲ್ಲದೆ ಕೆಳಗೆ ಏನೂ ಇಲ್ಲ.

ಈ ಕಾರಣಕ್ಕೇ ಹಳೆಯ ಮೆಟ್ಟಿಲುಗಳನ್ನು ಬಲಪಡಿಸುವಾಗ ಪ್ಲೇಟಿನ ಕೆಳಗೆ ಮತ್ತೆ ಒಂದು ಆ್ಯಂಗಲ್ ಕೂರಿಸುವ ಪದ್ಧತಿ ಕಾಣುತ್ತದೆ. ಬೆಂಕಿಯ ಕೆಲಸ ಮಾಡಬಾರದ ತೈಲ, ಅನಿಲ ಘಟಕಗಳಲ್ಲಿ ವೆಲ್ಡಿಂಗ್ ಇಲ್ಲದೆ ಕಚ್ಚಿ ಹಿಡಿಯುವ ಕ್ಲಾಂಪಿನ ಬ್ರಾಕೆಟ್ ಬಳಸುತ್ತಾರೆ, ಉಪ್ಪುಗಾಳಿಯ ಕಡೆ ಸ್ಟೇನ್‌ಲೆಸ್ ಬ್ರಾಕೆಟ್ಟಿಗೂ ಸತು ಬಳಿದ ತೊಲೆಗೂ ನಡುವೆ ಪ್ಲಾಸ್ಟಿಕ್ ವಾಷರ್ ಹಾಕುತ್ತಾರೆ, ಇಲ್ಲವಾದರೆ ಸತು ಬೇಗ ಕರಗುತ್ತದೆ. ಹೊಸ ಆ್ಯಂಗಲ್ ಹಳೆಯದರಂತಲ್ಲ. ಮೆಟ್ಟಿಲಿನ ಪೂರ್ತಿ ಆಳಕ್ಕೆ ಇರುತ್ತದೆ, ಅಡ್ಡ ಕಾಲಿನಲ್ಲಿ ನೀರಿಳಿಯಲು ತೂತಿರುತ್ತದೆ, ಪ್ಲೇಟಿಗೆ ತಾಗದೆ ಒಂದೆರಡು ಮಿ.ಮೀ. ಕೆಳಗೇ ನಿಲ್ಲುತ್ತದೆ. ದಿನದ ಭಾರ ಹೊರುವ ಕೆಲಸ ಅದರದ್ದಲ್ಲ. ಬೋಲ್ಟುಗಳು ಹೋದ ದಿನ ಮೆಟ್ಟಿಲು ಆ ಒಂದೆರಡು ಮಿ.ಮೀ. ಇಳಿದು ಅದರ ಮೇಲೆ ಕೂರುತ್ತದೆ, ಮೇಲೆ ಹತ್ತುತ್ತಿರುವವರಿಗೆ ಕಾಲಡಿಯಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ.