ಕಬ್ಬಿನ ಗರಿ ಎಳೆದ ಗೀರು

ಮಂಡ್ಯದಲ್ಲಿ ಕಬ್ಬು ಅರೆಯುವ ಕಾಲ ಬಂತೆಂದರೆ ಟ್ರ್ಯಾಕ್ಟರುಗಳು ರಸ್ತೆಯ ಮುಕ್ಕಾಲು ಭಾಗ ಹಿಡಿದುಕೊಂಡು ಹೋಗುತ್ತವೆ. ಹೋದ ಸಲ ಅಂಥ ಒಂದು ಲೋಡನ್ನು ಬಲಗಡೆಯಿಂದ ದಾಟಿದೆ. ಹೊರಗೆ ಚಾಚಿದ್ದ ಸೋಗೆ ಕಾರಿನ ಎಡಬಾಗಿಲನ್ನು ಸವರಿತು. ಎಲೆ ತಾನೇ ಅಂದುಕೊಂಡೆ. ಮನೆಗೆ ಬಂದು ನೋಡಿದರೆ ನೀಲಿ ಬಾಗಿಲ ತುಂಬ ಬಿಳಿ ಗೀರು.

ಕಬ್ಬಿನ ಗದ್ದೆಗೆ ಇಳಿದವರಿಗೆ ಇದೇನು ಹೊಸದಲ್ಲ. ಗರಿ ಕೈಯನ್ನೇ ಕೊಯ್ಯುತ್ತದೆ. ಕಬ್ಬು, ಭತ್ತದಂಥ ಹುಲ್ಲಿನ ಜಾತಿಯ ಗಿಡಗಳು ಮಣ್ಣಿನಿಂದ ಸಿಲಿಕಾ ಹೀರಿ, ಎಲೆಯೊಳಗೆ ಗಾಜಿನಂಥ ಸಣ್ಣ ಕಣಗಳಾಗಿ ಕೂಡಿಡುತ್ತವೆ. ಕಾರಿನ ಮೇಲ್ಪದರವೋ, ಒಂಥರಾ ಪ್ಲಾಸ್ಟಿಕ್. ಗಾಜಿಗೂ ಪ್ಲಾಸ್ಟಿಕ್‌ಗೂ ಜಗಳವಾದರೆ ಗೀರು ಬೀಳುವುದು ಯಾರಿಗೆ ಅಂತ ಹೇಳಬೇಕಿಲ್ಲ.

ಆದರೆ ನೀಲಿ ಕಾರಿನ ಮೇಲಿನ ಗೀರು ಬೆಳ್ಳಗೆ ಯಾಕೆ? ಕಲ್ಲುಸಕ್ಕರೆಯನ್ನು ನೋಡಿ. ಹರಳಾಗಿದ್ದಾಗ ಆಚೆ ಬದಿ ಕಾಣುತ್ತದೆ, ಕುಟ್ಟಿದರೆ ಬಿಳಿ ಪುಡಿ. ಬಣ್ಣ ಎಲ್ಲಿಂದಲೂ ಬಂದಿಲ್ಲ. ನೂರಾರು ಮುರಿದ ಮುಖಗಳಿಗೆ ಬಡಿದು ಬೆಳಕು ದಿಕ್ಕಾಪಾಲಾಗಿದೆ, ಅಷ್ಟೇ. ಕಾರಿಗೆ ಬಣ್ಣದ ಮೇಲೆ ಬಣ್ಣವಿಲ್ಲದ ಪಾರದರ್ಶಕ ಪದರ ಹೊಡೆದಿರುತ್ತಾರೆ. ಕ್ಲಿಯರ್ ಕೋಟ್ ಅಂತ ಅದರ ಹೆಸರು, ನಮ್ಮ ಕಡೆ ಪೇಂಟರುಗಳ ಬಾಯಲ್ಲಿ ಲ್ಯಾಕರ್. ಗೀರಿನ ಒಳಗೋಡೆಗಳೂ ಕುಟ್ಟಿದ ಕಲ್ಲುಸಕ್ಕರೆಯಂತೆ ಬೆಳಕನ್ನು ಚದುರಿಸುತ್ತವೆ.

ನೀರು ಸುರಿದಾಗ ಗೀರು ಮಾಯವಾಗುವುದನ್ನು ನೀವೂ ನೋಡಿರಬೇಕು. ಲ್ಯಾಕರ್ ಬೆಳಕನ್ನು ಬಾಗಿಸುವಷ್ಟೇ ಅಲ್ಲದಿದ್ದರೂ, ನೀರು ಹೆಚ್ಚುಕಡಿಮೆ ಅದರ ಹತ್ತಿರಕ್ಕೆ ಬಾಗಿಸುತ್ತದೆ. ಹಾಗಾಗಿ ನೀರು ತುಂಬಿದ ಗೀರಿನಲ್ಲಿ ಬೆಳಕು ಅಷ್ಟಾಗಿ ಎಡವುವುದಿಲ್ಲ. ಒಣಗಿದರೆ ಗೀರು ಮತ್ತೆ ಹಾಜರ್. ಎಣ್ಣೆಯಂಶ ಜಾಸ್ತಿ ಇರುವ ಕೆಲವು ಪಾಲಿಶುಗಳ ಗುಟ್ಟೂ ಇದೇ. ಗೀರು ಹೋಗಿಲ್ಲ, ತುಂಬಿಕೊಂಡಿದೆ. ನಾಲ್ಕು ಸಲ ತೊಳೆದರೆ ಬಂಡವಾಳ ಬಯಲು.

ನಿಜವಾಗಿ ತೆಗೆಯಬೇಕೆಂದರೆ ದಾರಿ ಒಂದೇ: ಗೀರಿನ ತಳದ ತನಕ ಸುತ್ತಲಿನ ಲ್ಯಾಕರನ್ನೇ ಸವೆಸಬೇಕು. ಗುಂಡಿಗೆ ಮಣ್ಣು ತುಂಬುವ ಬದಲು ಇಡೀ ಹೊಲವನ್ನೇ ಗುಂಡಿಯ ಮಟ್ಟಕ್ಕೆ ಇಳಿಸಿದ ಹಾಗೆ. ಹೊಲವಾದರೂ ಎಷ್ಟು ದಪ್ಪ? ಲ್ಯಾಕರ್ ಸಾಮಾನ್ಯವಾಗಿ 40–50 ಮೈಕ್ರಾನ್, ಅಂದರೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ. ದಪ್ಪನೆಯ ತಲೆಗೂದಲಿನ ಅರ್ಧ! ಬಿಸಿಲಿನ ಅತಿನೇರಳೆ ಕಿರಣ ಬಣ್ಣಕ್ಕೆ ತಾಗದಂತೆ ತಡೆಯುವುದೂ ಈ ಪದರವೇ. ಉಗುರು ಎಳೆದಾಗ ಸಿಕ್ಕಿಹಾಕಿಕೊಳ್ಳುವಷ್ಟು ಆಳದ ಗೀರಾದರೆ ಉಜ್ಜುವ ಆಸೆ ಬಿಡುವುದೇ ಸರಿ.

ನನ್ನ ಉಗುರು ಸಿಕ್ಕಿಹಾಕಿಕೊಳ್ಳಲಿಲ್ಲ. 2000 ನಂಬರಿನ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಮರಳು ಕಾಗದ ತಂದೆ. ನಂಬರ್ ಏರಿದಷ್ಟೂ ಕಾಗದದ ಮೇಲಿನ ಕಣ ಸಣ್ಣದು. 2000ಕ್ಕೆ ಸುಮಾರು 10 ಮೈಕ್ರಾನ್. ಕಣ ಸಿಲಿಕಾನ್ ಕಾರ್ಬೈಡಿನದು, ಗಾಜಿಗಿಂತ ಎಷ್ಟೋ ಗಟ್ಟಿ. ಹಿಂದೆ ಮರಳು ಕಾಗದದ ಅಂಟು ನೀರು ಬಿದ್ದರೆ ಬಿಟ್ಟುಕೊಳ್ಳುತ್ತಿತ್ತು. ನೀರಿಗೆ ಜಗ್ಗದ ಕಾಗದ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1921ರಲ್ಲಿ.

ನೀರು ಬರೀ ತಂಪಿಗಲ್ಲ. ಸವೆದ ಲ್ಯಾಕರ್ ಪುಡಿ ಕಾಗದಕ್ಕೆ ಮೆತ್ತಿಕೊಂಡು ಗಂಟು ಕಟ್ಟಿದರೆ, ಆ ಗಂಟೇ ಹೊಸ ಗೀರು ಎಳೆಯುತ್ತದೆ. ನೀರು ಪುಡಿಯನ್ನು ಹೊತ್ತುಕೊಂಡು ಹೋಗುತ್ತದೆ. ಎರಡು ಹನಿ ಶಾಂಪೂ ಹಾಕಿದರೆ ಕಾಗದ ಇನ್ನೂ ನಯವಾಗಿ ಜಾರುತ್ತದೆ.

ಉಜ್ಜುತ್ತಾ ಹೋದಂತೆ ಬಾಗಿಲು ಹೊಳೆಯುವ ಬದಲು ಮಂಜು ಕವಿದ ಹಾಗೆ ಮಂಕಾಗುತ್ತದೆ. ಮೊದಲ ಸಲ ಎದೆ ಧಸಕ್ಕೆನ್ನುತ್ತದೆ, ಆದರೆ ಕೆಟ್ಟಿಲ್ಲ. ಒಂದು ಆಳದ ಗೀರನ್ನು ಕೊಟ್ಟು ಸಾವಿರ ಸಣ್ಣ ಗೀರು ತಂದಿದ್ದೇವೆ. 3000ದ ಕಾಗದ ಅವನ್ನು ಇನ್ನೂ ಸಣ್ಣ ಮಾಡುತ್ತದೆ. ಕೊನೆಗೆ ಮೆಷಿನ್ನಿನ ಮೆತ್ತನೆ ಬಫಿಂಗ್ ಪ್ಯಾಡಿಗೆ ಕಾಂಪೌಂಡ್ ಅನ್ನುವ ನುಣ್ಣನೆ ಉಜ್ಜುವ ಪೇಸ್ಟ್ ಹಚ್ಚಿ ತಿರುಗಿಸಬೇಕು. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರಾನ್. ಗೀರು ಅದಕ್ಕಿಂತ ತುಂಬಾ ಸಣ್ಣದಾದರೆ ಬೆಳಕಿನ ಪಾಲಿಗೆ ಅಲ್ಲಿ ಗೀರೇ ಇಲ್ಲ. ಕನ್ನಡಿಯಂತೆ ಒಂದೇ ದಿಕ್ಕಿಗೆ ಮರಳುತ್ತದೆ. ಹೊಳಪು ಅಂದರೆ ಇದೇ. ಹಚ್ಚಿದ್ದಲ್ಲ, ಕಳೆದು ಉಳಿದದ್ದು.

ನಮ್ಮ ಬೀದಿಯ ಪೇಂಟರ್ ಅಣ್ಣ ಒಂದೇ ಒಂದು ಮಾತು ಹೇಳಿದ್ದರು. "ನೀರು ಬೆಳ್ಳಗೆ ಹಾಲಿನಂಗೆ ಬರೋಗಂಟ ಭಯ ಇಲ್ಲ ಸಾರ್. ನೀಲಿ ಬಂತೋ, ಕೈ ಎತ್ಬುಡಿ." ಬಿಳಿ ನೀರು ಲ್ಯಾಕರಿನದು, ನೀಲಿ ನೀರು ಅದರಡಿಯ ಬಣ್ಣದ್ದು. ಹಳೆ ಕಾಲದ, ಲ್ಯಾಕರ್ ಇಲ್ಲದ ಪೇಂಟಾದರೆ ಮೊದಲ ಉಜ್ಜಿಗೇ ಬಣ್ಣ ಬರುತ್ತದೆ. ಅಲ್ಲಿ ಈ ಲೆಕ್ಕ ನಡೆಯುವುದಿಲ್ಲ.

ಬಾಗಿಲಿನ ಸಪಾಟು ಜಾಗವೆಲ್ಲ ಸಲೀಸಾಗಿ ಮುಗಿಯಿತು. ಆದರೆ ನಡುವೆ ಉದ್ದಕ್ಕೂ ಒಂದು ಏಣು ಓಡುತ್ತದಲ್ವಾ, ಅಲ್ಲಿ ಎಡವಿದೆ. ಹಸಿ ಪೇಂಟು ಮೊನಚು ಏಣಿನ ಮೇಲೆ ನಿಲ್ಲದೆ ಎರಡೂ ಬದಿಗೆ ಸರಿಯುತ್ತದೆ, ಹಾಗಾಗಿ ಅಲ್ಲಿ ಪದರ ಮೊದಲೇ ತೆಳು. ಸಾಲದ್ದಕ್ಕೆ, ಅಂಗೈಯ ಭಾರವೆಲ್ಲ ಬೀಳುವುದೂ ಆ ಒಂದು ಗೆರೆಯ ಮೇಲೆ. ಅದಕ್ಕೇ ತಿಳಿದವರು ಏಣಿಗೆ ಮೊದಲೇ ಟೇಪ್ ಅಂಟಿಸುತ್ತಾರೆ. ನಾನು ಅಂಟಿಸಿರಲಿಲ್ಲ. ಎಂಟೋ ಹತ್ತೋ ಸಲ ಕೈಯಾಡಿಸಿದ್ದೆ, ಬಕೆಟ್ಟಿನಲ್ಲಿ ಕಾಗದ ಅದ್ದಿದರೆ ನೀರು ತಿಳಿನೀಲಿ.

ಪೇಂಟರ್ ಅಣ್ಣ ಬಂದು ನೋಡಿ ನಕ್ಕರು. ಹೆಬ್ಬೆರಳಗಲದ ಜಾಗವಾದರೂ ಲ್ಯಾಕರ್ ಇಡೀ ಬಾಗಿಲಿಗೇ ಹೊಡೆಯಬೇಕಂತೆ, ನಡುವೆ ನಿಲ್ಲಿಸಿದರೆ ಅಂಚು ಕಾಣುತ್ತದೆ. "ಈಗ್ಲೇ ಬ್ಯಾಡಿ ಸಾರ್," ಅಂದರು, "ಕಬ್ಬು ಸಾಗ್ಸೋದು ಮುಗೀಲಿ."