ಮಂಡಿಗೆ ಪಿಆರ್‌ಪಿ: ಎಷ್ಟು ಪ್ಲೇಟ್‌ಲೆಟ್ ಎಂದು ಮೊದಲು ಕೇಳಿ

ದಾದರ್ ಸ್ಟೇಷನ್ನಿನ ಮೆಟ್ಟಿಲು ಹತ್ತಲಾಗದವರು, ಮಾಟುಂಗಾದ ಹೋಟೆಲುಗಳಲ್ಲಿ ನಿಂತೇ ದುಡಿದವರು ಪಿಆರ್‌ಪಿ (ರೋಗಿಯದೇ ರಕ್ತದಿಂದ, ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳನ್ನು ಸಾಂದ್ರಗೊಳಿಸಿ ಕೊಡುವ ಚುಚ್ಚುಮದ್ದು) ಎಂದೊಡನೆ ಕೇಳುವುದು ಒಂದೇ: "ಡಾಕ್ಟ್ರೇ, ಸವೆದದ್ದು ಮತ್ತೆ ಬೆಳೀತದಾ?" ಬೆಳೆಯುವುದಿಲ್ಲ. ನೋವು, ಊತ ಇಳಿಯಬಹುದು. ಈ ಮಾತನ್ನು ಸೂಜಿ ಚುಚ್ಚುವ ಮೊದಲೇ ಹೇಳಬೇಕು.

ಮಂಡಿ ಸವೆತ ಬರೀ ತೇಯುವಿಕೆಯಲ್ಲ. ಕೀಲಿನ ಒಳಪೊರೆ ಉರಿಯೂತದಲ್ಲಿ ಐಎಲ್-1 ಬೀಟಾ, ಟಿಎನ್‌ಎಫ್ ಆಲ್ಫಾ ಎಂಬ ಪ್ರೋಟೀನುಗಳನ್ನು ಬಿಡುತ್ತದೆ. ಅವು ಮೃದ್ವಸ್ಥಿಯ ಜೀವಕೋಶಕ್ಕೆ ತಾಗಿದರೆ ಒಳಗೆ ಎನ್‌ಎಫ್-ಕಪ್ಪಾ ಬಿ ಎಂಬ, ಉರಿಯೂತದ ಜೀನುಗಳನ್ನು ಚಾಲೂ ಮಾಡುವ ಪ್ರೋಟೀನು ಚುರುಕಾಗುತ್ತದೆ. ಕೋಶವೇ ಎಂಎಂಪಿ-13, ಅಡಾಮ್‌ಟಿಎಸ್-5 ಎಂಬ ಕಿಣ್ವಗಳನ್ನು ತಯಾರಿಸತೊಡಗುತ್ತದೆ. ಮೊದಲನೆಯದು ಕೊಲಾಜನ್ ಕತ್ತರಿಸುತ್ತದೆ, ಎರಡನೆಯದು ನೀರು ಹಿಡಿದಿಡುವ ಅಗ್ರೆಕನ್ ಅನ್ನು. ಆ ಚೂರುಗಳು ಒಳಪೊರೆಯನ್ನು ಇನ್ನಷ್ಟು ಕೆರಳಿಸುತ್ತವೆ. ಈ ಸುತ್ತನ್ನು ತಗ್ಗಿಸಲೆಂದೇ ಪ್ಲೇಟ್‌ಲೆಟ್ ಕೊಡುವುದು.

ಎಡವಟ್ಟಾಗುವುದು ಪ್ರಮಾಣದಲ್ಲಿ. ರಕ್ತದ ಒಂದು ಮೈಕ್ರೋಲೀಟರಿನಲ್ಲಿ 2 ಲಕ್ಷ ಪ್ಲೇಟ್‌ಲೆಟ್ ಇದ್ದರೆ, 10 ಎಂಎಲ್ ಟ್ಯೂಬಿನಲ್ಲಿರುವುದು ಒಟ್ಟು 200 ಕೋಟಿ. ಉತ್ತಮ ಫಲ ವರದಿಯಾದ ಕೆಲವು ಅಧ್ಯಯನಗಳಲ್ಲಿ ಕೊಟ್ಟದ್ದು ಸುಮಾರು 1000 ಕೋಟಿ. 30 ಎಂಎಲ್ ತೆಗೆದು ಒಂದೂ ನಷ್ಟವಾಗದಿದ್ದರೂ 600 ಕೋಟಿಯೇ. 60 ಎಂಎಲ್ ತೆಗೆದು ನೂರಕ್ಕೆ 70 ಉಳಿಸಿಕೊಂಡರೆ 840 ಕೋಟಿ. 2021ರಲ್ಲಿ ಜಾಮಾ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಅಧ್ಯಯನ 288 ಜನರಲ್ಲಿ ಪಿಆರ್‌ಪಿಗೂ ಉಪ್ಪುನೀರಿಗೂ ವರ್ಷದ ಕೊನೆಗೆ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಅಲ್ಲಿ ಪ್ಲೇಟ್‌ಲೆಟ್ ಕಡಿಮೆಯಿತ್ತು ಎಂಬ ಟೀಕೆ ಬಂತು. ಆ ಟೀಕೆ ನನಗೂ ಸರಿ ಎನಿಸುತ್ತದೆ, ಆದರೆ ಫಲಿತಾಂಶವನ್ನು ರೋಗಿಯಿಂದ ಮುಚ್ಚಿಡುವುದು ತಪ್ಪು.

ರಕ್ತವನ್ನು ತಿರುಗಿಸಿ ಪದರ ಬೇರ್ಪಡಿಸುವ ಸೆಂಟ್ರಿಫ್ಯೂಜ್ ಯಂತ್ರಕ್ಕೆ "1500 ಆರ್‌ಪಿಎಂ" (ನಿಮಿಷಕ್ಕೆ 1500 ಸುತ್ತು) ಎಂದಷ್ಟೇ ಬರೆದಿಟ್ಟರೆ ಸಾಲದು. ರೋಟರಿನ ತ್ರಿಜ್ಯ 10 ಸೆಂ.ಮೀ. ಇದ್ದರೆ ಅದು ಸುಮಾರು 250 ಜಿ (ಗುರುತ್ವಾಕರ್ಷಣೆಯ 250 ಪಟ್ಟು ಬಲ), 15 ಇದ್ದರೆ 375ಕ್ಕೂ ಹೆಚ್ಚು. ಮೊದಲ ಸುತ್ತಿನಲ್ಲಿ ಬಲ ಹೆಚ್ಚಾದರೆ ಪ್ಲೇಟ್‌ಲೆಟ್‌ಗಳು ಕೆಂಪುಕಣದ ಜೊತೆ ತಳ ಸೇರುತ್ತವೆ. ಮೇಲೆ ಸಿಗುವುದು ನೋಡಲು ಸ್ವಚ್ಛ, ಒಳಗೆ ಬರಿದು. ಹೆಪ್ಪುಗಟ್ಟದಂತೆ ಸಿಟ್ರೇಟ್ ಅಥವಾ ಎಸಿಡಿ-ಎ ಬಳಸಿ. ಇಡಿಟಿಎ ಟ್ಯೂಬ್ ಎಣಿಕೆಗಷ್ಟೇ ಸರಿ. ತಯಾರಾದ ಪಿಆರ್‌ಪಿಯ ಒಂದು ಹನಿಯನ್ನು ಲ್ಯಾಬಿನಲ್ಲಿ ಎಣಿಸಿದರೆ ಅನುಮಾನಕ್ಕೆ ಜಾಗವಿಲ್ಲ.

ಮಂಡಿಯಲ್ಲಿ ನೀರು ತುಂಬಿದ್ದರೆ ಮೊದಲು ತೆಗೆಯಬೇಕು, ಇಲ್ಲವಾದರೆ ಕೊಟ್ಟದ್ದು ತೆಳುವಾಗುತ್ತದೆ. ಮರಗಟ್ಟಿಸುವ ಔಷಧ ಚರ್ಮಕ್ಕೆ ಮಾತ್ರ. ಕೀಲಿನೊಳಗೆ ಹೋದರೆ ಮೃದ್ವಸ್ಥಿ ಕೋಶಗಳಿಗೂ ಪ್ಲೇಟ್‌ಲೆಟ್‌ಗೂ ಹಾನಿ. ಡೈಕ್ಲೋಫೆನಾಕ್‌ನಂಥ ಗುಳಿಗೆಯನ್ನು ವಾರ ಮುಂಚೆ ನಿಲ್ಲಿಸಿ. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಹೃದಯಕ್ಕೆಂದು ತೆಗೆದುಕೊಳ್ಳುವ ಆಸ್ಪಿರಿನ್ ಅನ್ನು ಮಾತ್ರ ಹೃದಯತಜ್ಞರನ್ನು ಕೇಳದೆ ಮುಟ್ಟಬೇಡಿ.

ಮೂಳೆಗೆ ಮೂಳೆ ತಾಗಿದ ನಾಲ್ಕನೇ ಹಂತದಲ್ಲಿ ನಾನು ಇದನ್ನು ಸೂಚಿಸುವುದಿಲ್ಲ. ಕೊಟ್ಟ ಮೇಲೆ ಎರಡು ಮೂರು ದಿನ ನೋವು ಹೆಚ್ಚುವುದು ಸಹಜ. ಜ್ವರ ಬಂದರೆ, ಊತ ಏರುತ್ತಲೇ ಹೋದರೆ ಸೋಂಕಿರಬಹುದು. ಅದೇ ದಿನ ವೈದ್ಯರಿಗೆ ತೋರಿಸಿ.