ಸಿಂಬಳ ಹಸಿರಾಯ್ತು, ಆಂಟಿಬಯೋಟಿಕ್ ತಗೊಳ್ಲಾ?

ಪ್ರಶ್ನೆ: ನಮ್ದು ಮೂಡಿಗೆರೆ ಹತ್ರ. ನೆಗಡಿ ಶುರುವಾಗಿ 6 ದಿನ ಆಯ್ತು, ಮೊದ್ಲು ನೀರಿನ ಥರ ಸುರೀತಿದ್ದಿದ್ದು ಈಗ ಹಸಿರಾಗಿ ಗಟ್ಟಿಯಾಗಿದೆ, ಕೆನ್ನೆ ಭಾರ. ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಸೈನಸ್ ಇನ್‌ಫೆಕ್ಷನ್ನು, ಅಜಿತ್ರೋಮೈಸಿನ್ ತಗೊಳ್ಳಿ ಅಂದ್ರು. ತಗೊಳ್ಲಾ, ಇಲ್ಲಾ ಎಕ್ಸ್‌ರೇ ಮಾಡಿಸ್ಲಾ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಮಳೆ ಹಿಡ್ಕೊಂಡ್ರೆ ಸಕಲೇಶಪುರದಿಂದ ಕೊಪ್ಪದ ತನಕ ಮನೆಗೊಬ್ರು ಹಿಂಗೇ ಕೇಳ್ತಾರೆ, ಎಲ್ರ ಕಣ್ಣೂ ಬಣ್ಣದ ಮೇಲೇನೇ. ಆದ್ರೆ ಹಸಿರು ಬರೋದು ಬ್ಯಾಕ್ಟೀರಿಯಾದಿಂದ ಅಲ್ಲ, ಜಗಳಕ್ಕೆ ಬಂದ ನಮ್ಮದೇ ಬಿಳಿ ರಕ್ತಕಣದೊಳಗಿರೋ ಒಂದು ಕಿಣ್ವದಿಂದ, ಬರೀ ವೈರಸ್ ನೆಗಡೀಲೂ ಸಿಂಬಳ ತಿಳಿಯಿಂದ ಹಳದಿ ಹಸಿರಿಗೆ ಹೋಗಿ ವಾಪಸ್ ತಿಳಿಯಾಗುತ್ತೆ. ದೊಡ್ಡೋರಲ್ಲಿ ನೂರು ನೆಗಡಿಗೆ ಹೆಚ್ಚಂದ್ರೆ ಎರಡು ಬ್ಯಾಕ್ಟೀರಿಯಾಕ್ಕೆ ತಿರುಗಬಹುದು, ಅಷ್ಟೆ.

ಹಾಗಾದ್ರೆ ಡಾಕ್ಟ್ರು ಕಂಡುಹಿಡಿಯೋದು ಹೆಂಗೆ? ಹೆಚ್ಚಾಗಿ ದಿನಗಳ ಲೆಕ್ಕ ನೋಡೇ. 10 ದಿನ ಆದ್ರೂ ಒಂಚೂರೂ ಇಳೀದೆ ಹಂಗೇ ಇದ್ರೆ ಅನುಮಾನ ಬರುತ್ತೆ. ಇಲ್ಲಾ ಮೊದಲನೇ ದಿನದಿಂದಲೇ 102 ಡಿಗ್ರಿ ಜ್ವರ, ಜೊತೆಗೆ ಕೀವಿನಂಥ ಸಿಂಬಳವೋ ಮುಖದ ನೋವೋ 3-4 ದಿನ ಬಿಡದೆ ಇದ್ರೆ. ನಂಗೆ ಜಾಸ್ತಿ ನಂಬಿಕೆ ಇರೋದು ಇನ್ನೊಂದರ ಮೇಲೆ: 5-6 ದಿನಕ್ಕೆ ವಾಸಿಯಾಗ್ತಾ ಬಂತು, ಸರಿ ಅಂತ ತೋಟಕ್ಕೂ ಹೋಗಿ ಬಂದ್ರಿ, ಆಮೇಲೆ ಇದ್ದಕ್ಕಿದ್ದಂಗೆ ಜ್ವರ ತಲೆನೋವು ಸಿಂಬಳ ಎಲ್ಲಾ ಮೊದಲಿಗಿಂತ ಜೋರಾಗಿ ತಿರುಗಿ ಬಂತು, ಹಿಂಗೆ ಎರಡನೇ ಸಲ ಮಲಗ್ಸಿದ್ರೆ ಸುಮ್ನಿರಬಾರ್ದು.

ಪರೀಕ್ಷೆ ಮಾಡುವಾಗ ಕೆನ್ನೆ, ಹುಬ್ಬಿನ ಮೇಲೆ ಒತ್ತಿ ನೋಡ್ತಾರೆ, ಬಗ್ಗಿದ್ರೆ ನೋವಾಗುತ್ತಾ ಕೇಳ್ತಾರೆ, ಆದ್ರೆ ಮಾಮೂಲಿ ನೆಗಡೀಲೂ ಬಗ್ಗಿದ್ರೆ ತಲೆ ಸಿಡಿಯುತ್ತಲ್ಲ, ಹಂಗಾಗಿ ಅದೊಂದರಿಂದ ತೀರ್ಮಾನ ಆಗಲ್ಲ. ನೋವು ಒಂದೇ ಕಡೆ ಇದ್ಯಾ, ಟಾರ್ಚ್ ಹಾಕಿದ್ರೆ ಮೂಗಿನೊಳಗೆ ಕೀವು ಕಾಣುತ್ತಾ, ಗಂಟಲ ಹಿಂದೆ ಇಳೀತಿದ್ಯಾ, ಇವು ಸ್ವಲ್ಪ ತೂಕದವು. ಮೇಲಿನ ದವಡೆ ಹಲ್ಲು ನೋಯುತ್ತಾ ಅಂತಾನೂ ಕೇಳ್ತಾರೆ, ಯಾಕಂದ್ರೆ ಆ ಹಲ್ಲಿನ ಬೇರು ಕೆನ್ನೆ ಸೈನಸ್ಸಿನ (ಕೆನ್ನೆ ಮೂಳೆಯೊಳಗಿನ ಟೊಳ್ಳಿನ) ತಳಕ್ಕೆ ಅಂಟ್ಕೊಂಡಂಗೇ ಇರುತ್ತೆ. ಕೆಲವು ಸಲ ಕಥೆ ಉಲ್ಟಾ, ಹಲ್ಲು ಹುಳುಕಾಗಿ ಅಲ್ಲಿಂದ ಸೈನಸ್ಸಿಗೆ ಕೀವು ಏರಿರುತ್ತೆ, ಒಂದೇ ಹೊಳ್ಳೇಲಿ ಕೆಟ್ಟ ವಾಸನೆ ಬಂದ್ರೆ ಹಲ್ಲಿನ ಡಾಕ್ಟ್ರನ್ನೂ ನೋಡಿ.

ಎಕ್ಸ್‌ರೇ, ಸಿಟಿ ಸ್ಕ್ಯಾನ್ ಯಾಕೆ ಬೇಡ ಅಂದ್ರೆ ಮಾಮೂಲಿ ನೆಗಡೀಲೂ ಸೈನಸ್ ಊದ್ಕೊಂಡು ಮಬ್ಬಾಗೇ ಕಾಣುತ್ತೆ, ಒಳಗಿರೋದು ವೈರಸ್ಸಾ ಬ್ಯಾಕ್ಟೀರಿಯಾನಾ ಅಂತ ಅದು ಹೇಳಲ್ಲ. ಪಕ್ಕಾ ಗೊತ್ತಾಗ್ಬೇಕಂದ್ರೆ ಸೈನಸ್ಸಿಗೆ ಸೂಜಿ ಚುಚ್ಚಿ ಕೀವು ತೆಗೀಬೇಕು, ನೆಗಡಿಗೆ ಅದ್ಯಾರಿಗೆ ಬೇಕು ಹೇಳಿ.

ಅಂದಂಗೆ "ನಂಗೆ ಸೈನಸ್ ಇದೆ" ಅಂತೀವಲ್ಲ, ಸೈನಸ್ ಎಲ್ರಿಗೂ ಇದೆ, ಮುಖದ ಮೂಳೆಯೊಳಗಿನ ಟೊಳ್ಳು ಜಾಗ ಅದು. ಮೂಗು ಕಟ್ಟದೆ ಸಿಂಬಳ ಇಲ್ದೆ ಬರೀ ತಲೆನೋವು ಬರೋರಲ್ಲಿ ಸುಮಾರು ಜನಕ್ಕೆ ಇರೋದು ಮೈಗ್ರೇನು.

ನಿಮಗೆ ಇನ್ನೂ 6ನೇ ದಿನ, ಉಪ್ಪುನೀರಲ್ಲಿ ಮೂಗು ತೊಳೀರಿ (ಕುದಿಸಿ ಆರಿಸಿದ ನೀರೇ ಆಗ್ಬೇಕು, ಹಳ್ಳದ್ದೂ ಬೇಡ ನಲ್ಲೀದೂ ಬೇಡ), ನೋವಿಗೆ ಪ್ಯಾರಾಸಿಟಮಾಲ್ ಸಾಕು. ಹತ್ತು ದಾಟಿದ್ರೆ, ಇಲ್ಲಾ ಇಳಿದು ಮತ್ತೆ ಏರಿದ್ರೆ ಡಾಕ್ಟ್ರ ಹತ್ರ ಹೋಗಿ, ಆಗ ಸಾಮಾನ್ಯವಾಗಿ ಬರ್ಕೊಡೋದು ಅಮಾಕ್ಸಿಸಿಲಿನ್ ಥರದ್ದು, ಅಜಿತ್ರೋಮೈಸಿನ್‌ಗೆ ಈ ಬ್ಯಾಕ್ಟೀರಿಯಾಗಳು ಎಷ್ಟೋ ಕಡೆ ಬಗ್ಗೋದನ್ನೇ ಬಿಟ್ಟಿವೆ. ಆದ್ರೆ ಕಣ್ಣಿನ ಸುತ್ತ ಊತ ಬಂದ್ರೆ, ಒಂದು ಎರಡಾಗಿ ಕಂಡ್ರೆ, ಕುತ್ತಿಗೆ ಸೆಟೆದ್ರೆ ಈ ದಿನದ ಲೆಕ್ಕ ಎಲ್ಲಾ ಬಿಟ್ಟು, ಬೆಳಗ್ಗೆ ಬಸ್ಸಿಗೂ ಕಾಯ್ದೆ, ರಾತ್ರೀನೇ ಗಾಡಿ ಮಾಡ್ಕೊಂಡು ಚಿಕ್ಕಮಗಳೂರಿಗೋ ಹಾಸನಕ್ಕೋ ಹೊರಡಿ.